ಅಂತೂರ ಬೆಂತೂರ ಒಂದು ಬಿಟ್ಟು ಎಲ್ಲಾ ಊರಿನ ಹುಂಜ

ಕೆಲವರ ಮನ್ಯಾಗ ಕಷ್ಟ ಬಂತಂದ್ರ ಬರೇ ಕಷ್ಟಾನ ಬರತೈತಿ. ನಮ್ಮ ಮನ್ಯಾಗ ಹಂಗಲ್ಲ. ಅದರ ಬೆನ್ನ ಹಿಂದ ಒಂದು ಫಜೀತಿನೂ ಬರತೈತಿ, ಅಳೂಣು ಅಂತ ಕುಂತಾವನ್ನ ನಗಿಸೇ ಹೋಗತೈತಿ. ಪೂರಾ ಅಳಾಕೂ ಬಿಡಂಗಿಲ್ಲ, ಪೂರಾ ನಗಾಕೂ ಬಿಡಂಗಿಲ್ಲ. ಈ ಎಂಟು ತಿಂಗಳ ನನ್ನ ಹಣೇಬರಹ ಇದ ಆಗೈತಿ.

ನಾನು ಗದಗಿನ ಒಂದು ಪ್ರೆಸ್ಸಿನ್ಯಾಗ ಲಗ್ನಪತ್ರಿಕಿ ಛಾಪಿಸೋ ಮನಷ್ಯಾ. ಮನಿ ಬೆಟಗೇರ್ಯಾಗ. ಮನ್ಯಾಗ ನಾನು, ಕಣ್ಣಾಗ ಪೊರಿ ಬಂದ ನಮ್ಮವ್ವ, ಮತ್ತ ಹಿತ್ತಲದಾಗ ನಾಕು ಹ್ಯಾಟಿ ಕೋಳಿ. ನನ್ನಾಕಿ ದೀಪಾವಳಿ ಮುಗದ ವಾರದಾಗ ತೀರಿಕೊಂಡ್ಲು. ದೇವರು ನಮಗ ಮಕ್ಕಳ ಕೊಡಲಿಲ್ಲ. ಆ ಮಾಯಾನೆಲ್ಲಾ ಆಕಿ ಕೋಳಿ ಮ್ಯಾಲೆ ಹಾಕಿದ್ಲು.

ಮದಿವಿ ಆಗಿ ಬರೋವಾಗ ಅಂತೂರ ಬೆಂತೂರದಿಂದ ಅವರವ್ವ ಒಂದು ಬುಟ್ಟ್ಯಾಗ ಒಂದು ಹ್ಯಾಟಿ, ಆರು ಮರಿ ಇಟ್ಟು ಕಳಿಸಿದ್ಲು. ಆಕಿ ಹೋದಾಗ ಇದ್ದ ನಾಕೂ ಆ ಬುಟ್ಟಿ ಸಂತಾನ. ಪ್ರತಿ ವರ್ಷ ಪಂಚಮಿಗೆ ತವರಿಗೆ ಹೋಗೋವಾಗ ನಮ್ಮ ಹಿತ್ತಲದಾಗ ಹುಟ್ಟಿದ್ದೊಂದು ಹುಂಜ ಕಂಕಳಾಗ ಹಿಡ್ಕೊಂಡು ಹೋಗಾಕಿ. ಬರೋವಾಗ ತಮ್ಮನ ಮನ್ಯಾಗ ಹುಟ್ಟಿದ್ದೊಂದು ತರಾಕಿ. ಒಂದ ಹಿತ್ತಲದಾಗ ಬೆಳದಾವು ಕೂಡಿದ್ರ ಸಂತಾನ ಸೊರಗತೈತಿ ಅಂತ ಅವರ ಕಡೆ ಪದ್ಧತಿ. ನಾ ಚಾಷ್ಟಿ ಮಾಡಾವ. “ನೀವು ಅಕ್ಕ ತಮ್ಮ ಹುಂಜದ ಬೀಗರಾಗೀರಿ ನೋಡು” ಅಂತಿದ್ದೆ.

ಕಡೀ ದಿನ ದವಾಖಾನ್ಯಾಗ ನಾ ಆಕಿ ಕೈ ಹಿಡ್ಕೊಂಡು ಕುಂತಿದ್ದೆ. ಕಣ್ಣು ತಗದು ನನ್ನ ನೋಡಿದ್ಲು. ತುಟಿ ಅಲ್ಲಾಡಿದುವು. ನನಗ ಏನೋ ಹೇಳತಾಳ ಅಂತ ಕಿವಿ ಹಂತ್ಯಾಕ ಒಯ್ದೆ.

“ರೀ, ಕೋಳಿಗೆ ಕಾಳು ಹಾಕಿ ಬಂದೀರಿಲ್ಲೋ?” ಅಂದ್ಲು.

ಮೂವತ್ತು ವರ್ಷ ಸಂಸಾರ ಮಾಡಿದ ಗಂಡಗ ಆಕಿ ಆಡಿದ ಕಡೀ ಮಾತು ಅದು. ನಾ ಹೂಂ ಅಂದೆ. ಹಾಕಿದ್ದಿಲ್ಲ.

ಎರಡು ಸಲ ಹಾಕಿಸಿಕೊಂಡ ಸಾರು

ನಮ್ಮ ಮಂದ್ಯಾಗ ಸತ್ತ ಮನ್ಯಾಗ ದಿನದ ಕಾರ್ಯ ಮುಗಿಯೋ ತನಕ ಒಲಿ ಹಚ್ಚಂಗಿಲ್ಲ. ಓಣಿಯವರು ಬುತ್ತಿ ತಂದು ಕೊಡತಾರ. ಕಾರ್ಯ ಮುಗದ ಮರುದಿನ ಹೋದಾಕಿ ತವರಮನಿಯವರು ಬಂದು ಒಲಿ ಹಚ್ಚಬೇಕು, ಕೋಳಿ ಸಾರು ಮಾಡಬೇಕು, ಗಂಡನ ಮನಿಯವರನ್ನ ಕುಂಡ್ರಿಸಿ ಉಣ್ಣಿಸಬೇಕು. ಆದದ್ದಾತು, ಇನ್ನ ಉಂಡು ಬದುಕ್ರಿ ಅಂತ ಅದರ ಅರ್ಥ.

ಆಕಿ ತಮ್ಮ ಅಂತೂರ ಬೆಂತೂರದಿಂದ ಎರಡು ಕೋಳಿ ತಂದಿದ್ದ. ಅಂವಗ ಅಪ್ಪ ಅವ್ವ ಇಲ್ಲ, ಅಕ್ಕನ ಎಲ್ಲಾ. ಅತ್ತು ಅತ್ತು ಮುಖ ಬಾತಿತ್ತು, ಆದ್ರೂ ಒಲಿ ಮುಂದ ಅಂವನ ಕುಂತ. ಮಂದಿ ನಾವು ಅಂದ್ಕೊಂಡಿದ್ದಕ್ಕಿಂತ ಹೆಚ್ಚ ಬಂದ್ರು. ಎಂಟು ದಿನದಿಂದ ನನಗ ಅನ್ನ ಗಂಟಲದಾಗ ಇಳದಿದ್ದಿಲ್ಲ. ಅವತ್ತ ಯಾಕೋ ಇಳೀತು.

“ಸಾರು ಭಾಳ ಚಲೋ ಆಗೈತಿ, ಇನ್ನೊಂದೀಟು ಹಾಕು” ಅಂದೆ.

“ಉಣ್ರಿ ಮಾಮಾ, ಅಕ್ಕನ ಕೈಯಾಗ ಉಂಡಂಗ ಅಂತ ತಿಳ್ಕೋರಿ” ಅಂತ ಅಂವ ಕಣ್ಣೀರ ಒರಿಸ್ಕೋತ ಹಾಕಿದ.

ಮರುದಿನ ಹೊತ್ತು ಮೂಡಿತು, ಹುಂಜ ಕೂಗಲಿಲ್ಲ. ನಮ್ಮವ್ವ “ಹುಂಜಕ್ಕ ಏನಾಗೈತಿ ನೋಡಲೇ” ಅಂದ್ಲು. ಹಿತ್ತಲಕ್ಕ ಹೋಗಿ ನೋಡತೀನಿ, ಬಚ್ಚಲದ ಹಿಂದ ಕೆಂಪು ಕರಿ ಪುಕ್ಕದ ರಾಶಿ ಬಿದ್ದೈತಿ. ಹೋದ ಪಂಚಮಿಗೆ ಆಕಿ ಕಂಕಳಾಗ ಹಿಡ್ಕೊಂಡು ತಂದಿದ್ದ ಹುಂಜ ಅದು. ನನ್ನ ಹಿಂದ ಅಂವ ಬಂದು ನಿಂತ.

“ಮಾಮಾ, ಮಂದಿಗೆ ಸಾಲಲಿಲ್ರಿ. ಮುಚ್ಚಂಜಿ ಕತ್ತಲಾಗ ಕೈಗೆ ಯಾವುದು ಸಿಕ್ತೋ ಅದನ್ನ ಹಿಡದೆ...” ಅಂದ.

ನನ್ನ ಸಿಟ್ಟು ಊರಿಗೇ ಗೊತ್ತು. ಬಾಯಿಗೆ ಬಂದಂಗ ಬೈದೆ. ಬೈದು ಬೈದು ಕಡೀಕ “ಇನ್ನ ಮ್ಯಾಲೆ ನನ್ನ ಮನಿ ಹೊಸ್ತಲಾ ತುಳದೀ ಅಂದ್ರ ನೋಡು!” ಅಂದೆ. ಅಂವ ತೆಲಿ ಬಾಗಿಸಿ ಚಪ್ಪಲಿ ಮೆಟ್ಟಿ ಹೋದ. ಅವತ್ತಿನಿಂದ ಮಾತು ಬಂದ್.

ನಮ್ಮವ್ವ ಕಟ್ಟಿ ಮ್ಯಾಲೆ ಕುಂತು ಎಲ್ಲಾ ಕೇಳಿದ್ಲು. ಅಂವ ಓಣಿ ದಾಟಿದ ಮ್ಯಾಲೆ ಅಂದ್ಲು, “ಕೊಯ್ದಾವಗ ಬೈದಿ, ಖರೆ. ಎರಡು ಸಲ ಹಾಕಿಸ್ಕೊಂಡಾವಗ ಯಾರು ಬೈಬೇಕು?”

ಆಧಾರ್ ಇಲ್ಲದ ಪ್ರಯಾಣಿಕ

ನಾಕರಾಗ ಒಂದು ಚುಕ್ಕಿ ಕೋಳಿ ಐತಿ, ಆಕಿ ಕೈಯಾಗ ಕಾಳು ತಿಂದು ಬೆಳದದ್ದು. ಅದು ಕಾವಿಗೆ ಕುಂತಿತು. ಇಪ್ಪತ್ತೊಂದು ದಿನ ಆತು, ಇಪ್ಪತ್ತೈದಾತು, ಏಳವಲ್ದು. ಹುಂಜ ಇಲ್ಲದ ಮನ್ಯಾಗ ತತ್ತಿ ಇರತಾವು, ಮರಿ ಎಲ್ಲಿಂದ ಬರಬೇಕು? ಅದಕ್ಕೇನು ಗೊತ್ತು ಪಾಪ, ಕಣ್ಣು ಮುಚ್ಚಿ ಕುಂತ ಬಿಟ್ಟಿತ್ತು. ನಾ ಕಾಳು ಹಿಡ್ಕೊಂಡು ಅದರ ಮುಂದ ನಿಂತು ಅತ್ತೀನಿ, ಸುಳ್ಳ್ಯಾಕ ಹೇಳಲಿ. ಈ ನಾಕು ಮುದಿಯಾಗಿ ಸತ್ತೂ ಅಂದ್ರ ಆಕಿ ಬುಟ್ಟ್ಯಾಗ ತಂದ ಸಂತಾನ ಮುಗದಂಗ. ಆಮ್ಯಾಲೆ ಈ ಮನ್ಯಾಗ ಆಕೀದು ಅಂತ ಜೀವ ಇರೋದು ಒಂದೂ ಉಳ್ಯಂಗಿಲ್ಲ. ಹುಂಜ ತರಾಕ ಬೇಕು ಅಂತ ಅವತ್ತ ಗಟ್ಟಿ ಮಾಡಿದೆ.

“ಅಂತೂರ ಬೆಂತೂರಕ್ಕ ಹೋಗಿ ತಮ್ಮನ್ನ ಕೇಳು” ಅಂದ್ಲು ನಮ್ಮವ್ವ.

“ಆ ಊರ ಹೆಸರ ತಗೀಬ್ಯಾಡ” ಅಂದೆ. ಕೂಗಳತ್ಯಾಗಿನ ಊರು ಬಿಟ್ಟು ಮುಂಡರಗಿ ಸಂತಿಗೆ ಹೋದೆ.

ಹುಂಜ ಆರಿಸೋದು ನನಗ ಗೊತ್ತಿಲ್ಲ. ಪ್ರೆಸ್ಸಿನ್ಯಾಗ ವರನ ಹೆಸರು ದಪ್ಪ ಅಕ್ಷರದಾಗ ಹಾಕತೀವಿ. ಅದ ಲೆಕ್ಕದಾಗ ಎಲ್ಲಕ್ಕಿಂತ ದಪ್ಪನ್ನ ಹುಂಜ ಆರಿಸಿದೆ. ಬೆಳ್ಳಗ ಇತ್ತು, ಫಾರ್ಮಿನ ತಳಿ.

“ಕೊಯ್ಯಾಕೋ, ಸಾಕಾಕೋ?” ಅಂದ ಮಾರಾವ.

“ಸಾಕಾಕ.”

ಅಂವ ಹುಂಜದ ಮುಖ ನೋಡಿದ, ನನ್ನ ಮುಖ ನೋಡಿದ. “ಆತು, ನಿಮ್ಮ ಖುಷಿ” ಅಂದ.

ಬಸ್ಸಿನ್ಯಾಗ ಕಂಡಕ್ಟರ್ ಬಂದ. ನನಗೊಂದು ಟಿಕೇಟ ಹರದ, ಹುಂಜಕ್ಕ ಅರ್ಧ ಟಿಕೇಟ ಹರದ. ನನಗ ಸಿಟ್ಟು ಬಂತು. “ಹೆಣ್ಣುಮಕ್ಕಳಿಗೆಲ್ಲಾ ಪುಕ್ಕಟ ಐತಿ. ಇದು ಹ್ಯಾಟಿ ಆಗಿದ್ರ ಪುಕ್ಕಟ ಬಿಡತಿದ್ರೇನು?” ಅಂದೆ.

ಕಂಡಕ್ಟರ್ ನಗಲಿಲ್ಲ. “ಆಧಾರ್ ಕಾರ್ಡ್ ತೋರ್ಸಿದ್ರ ಬಿಡತಿದ್ದೆ” ಅಂದು ಮುಂದ ಹೋದ.

ಮನಿಗೆ ತಂದು ಬಿಟ್ಟೆ. ನಾಕೂ ಹ್ಯಾಟಿ ಸುತ್ತ ನಿಂತು ನೋಡಿದುವು, ಕುಕ್ಕಾಕ ಸುರು ಮಾಡಿದುವು. ಆ ಭಾರಿ ದೇಹ ಹೊತ್ಕೊಂಡು ಹುಂಜ ಓಡಿ ಬಂದು ನಮ್ಮವ್ವನ ಹೊರಸಿನ ಕೆಳಗ ಕುಂತಿತು. ಅವತ್ತಿನಿಂದ ಅಲ್ಲೇ ಊಟ, ಅಲ್ಲೇ ನಿದ್ದಿ. ವಾರ ಆದ ಮ್ಯಾಲೆ ನಮ್ಮವ್ವ ಅಂದ್ಲು, “ಲೇ, ನಾ ಹುಂಜ ತಾ ಅಂದ್ರ ನೀ ಮನಿ ಅಳಿಯನ್ನ ತಂದೀಯಲ್ಲೋ!”

ಬ್ಯಾಸಿಗಿ ಝಳಾ ಅದಕ್ಕ ತಡೀಲಿಲ್ಲ. ಒಂದು ಮಧ್ಯಾಹ್ನ ನಮ್ಮವ್ವನ ಪಾದದ ಮ್ಯಾಲೆ ತೆಲಿ ಇಟ್ಟು ಸತ್ತಿತು. ಅಷ್ಟು ಬೈತಿದ್ದ ಮುದುಕಿ ಅವತ್ತ ಸಂಜಿಮುಂದ ಚಾ ಬ್ಯಾಡ ಅಂದ್ಲು.

ಮಾಸ್ತರ ಮಾಡಿದ ಆಯ್ಕೆ

ನಮ್ಮ ಬಾಜೂ ಮನ್ಯಾಗ ಒಬ್ಬ ರಿಟೈರ್ಡ್ ಮಾಸ್ತರ ಅದಾರ. ಉಳ್ಳಾಗಡ್ಡಿ ಸುದ್ದಾ ತಿನ್ನಂಗಿಲ್ಲ. ನಮ್ಮ ಹುಂಜ ಕೂಗತೈತಿ ಅಂತ ಇಪ್ಪತ್ತು ವರ್ಷ ಜಗಳಾಡ್ಯಾರ. ಅವರು ಒಂದಿನ ಮುಂಜಾನೆ ಬಂದು ಬಾಗಲದಾಗ ನಿಂತ್ರು.

“ಹುಂಜ ಯಾವಾಗ ತರತೀರಿ?” ಅಂದ್ರು. “ನನಗ ಎಚ್ಚರನ ಆಗವಲ್ದು. ಮೊಬೈಲ್ ಬಡಕೋತೈತಿ, ಬಂದ್ ಮಾಡಿ ಮಕ್ಕೋತೀನಿ. ಹುಂಜ ಬಂದ್ ಮಾಡಾಕ ಬರತಿದ್ದಿಲ್ಲ. ನನ್ನ ವಾಕಿಂಗ್ ತಪ್ಪಿ ಶುಗರ್ ಏರೈತಿ.”

ನಾ ಬಾಯಿ ತಗದು ನೋಡಿದೆ. ಅವರು ದನಿ ಸಣ್ಣ ಮಾಡಿ ಅಂದ್ರು, “ನಿಮ್ಮ ಮನಿಯವರು ಒಂದಿನಾನೂ ತಿರಗಿ ಮಾತಾಡಲಿಲ್ರಿ. ನಾ ಬೈದ ದಿನ ಸಂಜಿಗೆ ನುಗ್ಗಿಕಾಯಿ ಕಳಿಸೋರು. ನುಗ್ಗಿಕಾಯಿ ಆಸೆಕ್ಕ ಬೈದದ್ದೂ ಐತಿ.”

ಹಿಂಗಾಗಿ ಇಬ್ಬರೂ ಕೂಡಿ ಲಕ್ಷ್ಮೇಶ್ವರಕ್ಕ ಹೋದ್ವಿ. ಮಾಸ್ತರ ಹುಂಜ ಮುಟ್ಟಂಗಿಲ್ಲ, ಮೂಗಿಗೆ ದಸ್ತಿ ಹಿಡ್ಕೊಂಡು ದೂರ ನಿಂತು ಪರೀಕ್ಷಾ ಮಾಡೋರು. “ಬಣ್ಣ ಬ್ಯಾಡ, ಗಾತ್ರ ಬ್ಯಾಡ, ಕಂಠ ನೋಡಬೇಕು. ಒಂದು ಸಲ ಕೂಗಸಪಾ” ಅಂದ್ರು ಮಾರಾವಗ. ಅದೆಲ್ಲಿ ಕೂಗತೈತಿ? ಒಂದು ತಾಸು ಬಿಸಲಾಗ ನಿಂತ್ವಿ. ಮಾರಾವಗ ಸಾಕಾತು. “ಸರ, ಇದು ಹುಂಜ ಐತ್ರಿ. ಒಂದನೇ ಇಯತ್ತೆ ಹುಡುಗ ಅಲ್ಲ, ಪಾಠ ಒಪ್ಪಸಾಕ” ಅಂದ. ಅಷ್ಟರಾಗ ಮೂಲ್ಯಾಗಿನ ಒಂದು ಕಂದು ಹುಂಜ ಕುತ್ತಿಗಿ ಎತ್ತಿ ಕೂಗಿತು ನೋಡ್ರಿ, ಸಂತಿ ಮಂದಿ ತಿರಗಿ ನೋಡಿದ್ರು. ಮಾಸ್ತರ ಕಣ್ಣು ಮುಚ್ಚಿ “ಪಾಸ್!” ಅಂದ್ರು.

ಮನಿಗೆ ತಂದ್ವಿ. ಮರುದಿನ ಮುಂಜಾನೆ ಗಪ್‌ಚಿಪ್. ಮಧ್ಯಾಹ್ನ ಎರಡೂವರಿಗೆ, ಮಾಸ್ತರ ಉಂಡು ಆಗಷ್ಟ ಕಣ್ಣು ಮುಚ್ಚಿದ್ರು, ಕಂಪೌಂಡ ಏರಿ ಸುರು ಮಾಡಿತು. ದಿನಾ ಅದ ಟೈಮು. ಹ್ಯಾಟಿ ಕಡೆ ಕಣ್ಣೆತ್ತಿ ನೋಡವಲ್ದು, ಅದಕ್ಕ ತನ್ನ ಹಾಡ ದೊಡ್ಡದು.

“ಹೊತ್ತಿಲ್ಲದ ಹೊತ್ತಿನ್ಯಾಗ ಕೂಗೋ ಹುಂಜ ಮನಿಗೆ ಕೇಡು” ಅಂದ್ಲು ನಮ್ಮವ್ವ.

“ಇನ್ನ ಯಾವ ಕೇಡು ಬಾಕಿ ಐತಿಬೇ ಈ ಮನಿಗೆ?” ಅಂದೆ. ಅಂದದ್ದು ತಪ್ಪಾತು ಅನಿಸಿತು, ಆದ್ರ ಅಂದ ಆಗಿತ್ತು.

ಹದಿನೈದು ದಿನಕ್ಕ ಮಾಸ್ತರ ಕೆಂಪು ಕಣ್ಣು ಮಾಡ್ಕೊಂಡು ಬಂದ್ರು. “ಕಂಠಕ್ಕ ಇವತ್ತಿಗೂ ನೂರಕ್ಕ ನೂರು ಕೊಡತೀನಿ” ಅಂದ್ರು, “ಹಾಜರಿ ಇಲ್ಲ. ಹೆಸರ ಹೊಡದು ಹಾಕ್ರಿ.” ಪ್ರೆಸ್ಸಿಗೆ ಕಾಗದ ತರೋ ಗಾಡಿಯಾವಗ ಕೊಟ್ಟು ಕಳಿಸಿದೆ.

ದ್ಯಾಮವ್ವನ ಹುಂಜ

ಮಳಿ ಹಿಡಿಯೋ ಮುಂದ ಶಿರಹಟ್ಟಿ ಕಡೆ ಒಂದು ಹೊಲದ ಮನ್ಯಾಗ ನಾ ನೋಡಿದ ಹುಂಜ ಇನ್ನೂ ಕಣ್ಣಾಗ ಐತಿ. ಬಂಗಾರದ ಬಣ್ಣದ ಕುತ್ತಿಗಿ, ಕೆಂಪನ್ನ ಜುಟ್ಟ, ನಡದ್ರ ಗೌಡರ ನಡಿಗಿ. ಆ ಮನಿ ಮಗ ಒಬ್ಬನ ಇದ್ದ, ಎಮ್ಮಿ ತೊಳಿಯಾಕತ್ತಿದ್ದ. ಕೊಡತೀಯೇನಪಾ ಅಂದೆ. ಯಾವೂರು, ಯಾವ ಓಣಿ ಅಂತ ವಿಚಾರಿಸಿ ಹಿಡದು ಕೊಟ್ಟ. ಇಷ್ಟು ಸಸಾರ ಸಿಕ್ತಲ್ಲ ಅಂತ ನನ್ನ ಬುದ್ಧಿಗೆ ನಾನ ಶಾಬಾಸ್ ಅಂದೆ.

ಮನ್ಯಾಗ ಚುಕ್ಕಿ ಕೋಳಿ ಅದನ್ನ ಕುಕ್ಕಲಿಲ್ಲ. ಬರೇ ದೂರ ನಿಂತು ನೋಡಿತು. ಎರಡು ದಿನ ಹಂಗ ನೋಡಿತು. ಮೂರನೇ ದಿನ ಒಂದ ಬಟ್ಟಲದಾಗ ಇಬ್ಬರೂ ಕಾಳು ತಿಂದುವು. ನಾ ಹಿತ್ತಲ ಕಟ್ಟಿ ಮ್ಯಾಲೆ ಕುಂತು ನಕ್ಕೆ. ಆಕಿ ಹೋದ ಮ್ಯಾಲೆ ಒಬ್ಬನ ಕುಂತು ನಕ್ಕದ್ದು ಅವತ್ತ ಮೊದಲು.

ಅಷ್ಟರಾಗ ಹೊರಗ “ಯಾರದೀರಿ ಮನ್ಯಾಗ?” ಅಂತ ಧ್ವನಿ. ಒಬ್ಬ ಅಜ್ಜಿ, ಅಂಗೈಯಾಗ ಅರಿಷಿಣ ಕುಂಕುಮದ ಪೊಟ್ಟಣ, ಹಿಂದ ತೆಲಿ ಬಾಗಿಸ್ಕೊಂಡು ಎಮ್ಮಿ ತೊಳಿಯೋ ಮಗ. ಆ ಹುಂಜ ದ್ಯಾಮವ್ವಗ ಬಿಟ್ಟದ್ದಂತ. ಅಜ್ಜಿ ಮೊಣಕಾಲ ನೋವಿಗೆ ಹರಕಿ ಹೊತ್ತು ಬಿಟ್ಟಿದ್ಲು. ದೇವಿಗೆ ಬಿಟ್ಟದ್ದನ್ನ ಮಾರಂಗಿಲ್ಲ, ಕೊಳ್ಳಂಗಿಲ್ಲ. ಮಗ ಕೇಳದ ಕೊಟ್ಟಿದ್ದ.

ನಮ್ಮವ್ವ ಒಳಗಿಂದನ “ಕೊಟ್ಟ ಬಿಡಲೇ, ದೇವಿ ಸಂಗಾಟ ಹಟಾ ಬ್ಯಾಡ” ಅಂತ ಚೀರಿದ್ಲು. ನನ್ನ ಕೈ ಹುಂಜ ಬಿಡವಲ್ದು. ಅಜ್ಜಿಗೆ ಎಲ್ಲಾ ಹೇಳಿದೆ. ನನ್ನಾಕಿ ತಂದ ಬುಟ್ಟಿ, ಚುಕ್ಕಿ ಕೋಳಿ, ಜೀವ ಇಲ್ಲದ ತತ್ತಿ ಎಲ್ಲಾ. ಅಜ್ಜಿ ಸೆರಗಿನಿಂದ ಕಣ್ಣು ಒರಿಸ್ಕೊಂಡ್ಲು. ನನ್ನ ಪಾಡು ಆಕಿಗೆ ತಿಳೀತು ಅನಿಸಿತು.

“ಯಪ್ಪಾ, ನಿನ್ನ ಸಂಕಟ ದೊಡ್ಡದೈತಿ. ನಿನ್ನ ಬರಗೈಲೆ ಬಿಡಂಗಿಲ್ಲ” ಅಂದು ಮಗನ್ನ ಮುಂದ ನೂಕಿದ್ಲು. “ಹುಂಜ ನನಗ ಕೊಡು. ಬೇಕಾದ್ರ ಇಂವನ್ನ ಇಟ್ಕೋ.”

ಹಸರ ಸೀರಿ

ಇಷ್ಟೆಲ್ಲಾ ನಡಿಯೋ ಮುಂದ ಇನ್ನೊಂದು ಫಜೀತಿ ಇತ್ತು. ಸಂಜಿಮುಂದ ಕೋಳಿ ಗೂಡಿಗೆ ಹೋಗವಲ್ಲವು. ಆಕಿ ಇದ್ದಾಗ ಸೆರಗ ಬೀಸಿ “ಬಾಬಾಬಾ” ಅಂದ್ರ ಸಾಕು, ಸಾಲಿ ಹುಡುಗರಂಗ ಒಳಗ ಹೋಗತಿದ್ದುವು. ನಾ ಕರದ್ರ ಬೇವಿನ ಗಿಡ ಏರತಾವು. ಶಿರಹಟ್ಟಿ ಹುಂಜ ತಿರಗಿ ಹೋದ ವಾರದಾಗ ಕಾಡಬೆಕ್ಕು ಬಂದು ಒಂದನ್ನ ಒಯ್ತು. ನಾಕು ಹೋಗಿ ಮೂರಾದುವು.

“ಕೋಳಿ ಗೂಡಿಗೆ ಹಾಕೋ ಮುಂದ ಆಕಿ ಒಂದು ಹಸರ ಸೀರಿ ಉಡತಿದ್ಲಲ್ಲ” ಅಂದ್ಲು ನಮ್ಮವ್ವ, “ಅದನ್ನ ಉಟ್ಟು ಕರದು ನೋಡು.”

“ಹುಚ್ಚು ಹಿಡದೈತೇನಬೇ ನಿನಗ!”

“ನನಗ ಹಿಡದಿಲ್ಲ. ನೀ ಮೂರು ತಾಲೂಕ ತಿರಗಿ ಬಂದೀ, ನಿನಗ ಹಿಡದೈತಿ.”

ಆಕಿ ಟ್ರಂಕ ನಾ ಅಲ್ಲೀ ತನಕ ತಗದಿದ್ದಿಲ್ಲ. ಅವತ್ತ ತಗದೆ. ಹಸರ ಸೀರಿ ಮ್ಯಾಲೇ ಇತ್ತು. ನುಚ್ಚಿನ ವಾಸನಿ, ಆಕಿ ವಾಸನಿ. ಸೀರಿ ತೊಡಿ ಮ್ಯಾಲೆ ಇಟ್ಕೊಂಡು ಭಾಳ ಹೊತ್ತು ಕುಂತೆ. ಆಮ್ಯಾಲೆ ಬಾಗಲಾ ಹಾಕಿ, ಬನಿಯನ್ ಮ್ಯಾಲೆ ಹೆಂಗ ಬಂತೋ ಹಂಗ ಸುತಗೊಂಡು, ತೆಲಿ ಮ್ಯಾಲೆ ಸೆರಗ ಹೊತ್ತು ಹಿತ್ತಲಕ್ಕ ಹೋದೆ. “ಬಾಬಾಬಾ” ಅಂದೆ.

ಗಿಡದ ಮ್ಯಾಲಿಂದ ಚುಕ್ಕಿ ಕೋಳಿ ದಪ್ ಅಂತ ಜಿಗೀತು. ಸೀದಾ ನನ್ನ ಕಾಲ ಹಂತ್ಯಾಕ ಬಂತು. ಕುತ್ತಿಗಿ ಎತ್ತಿ ನನ್ನ ಮೀಸಿ ನೋಡಿತು. ಸ್ವಲ್ಪ ಸಂಶಯ ಬಂತು ಅದಕ್ಕ. ಆದ್ರೂ ಸೀರಿ ಮ್ಯಾಲೆ ಭಾರ ಹಾಕಿ ಗೂಡಿನ್ಯಾಗ ಹೋತು. ಉಳದ ಎರಡೂ ಹಿಂದ ಹೋದುವು.

ಅವತ್ತಿನಿಂದ ದಿನಾ ಸಂಜಿಗೆ ಇದ ನನ್ನ ಡ್ಯೂಟಿ. ಮಾಸ್ತರ ಒಂದಿನ ಮಾಳಗಿ ಮ್ಯಾಲಿಂದ ನೋಡಿದ್ರು. ನೋಡಿ, ಎರಡೂ ಕೈ ಮುಗದು, ಒಳಗ ಹೋದ್ರು. ಯಾರಿಗೂ ಹೇಳಲಿಲ್ಲ.

ಹಂಗ ಪಂಚಮಿ ಬಂತು. ಓಣಿ ತುಂಬ ಉಂಡಿ ಹುರಿಯೋ ವಾಸನಿ, ಹೆಣ್ಣುಮಕ್ಕಳು ಜೋಕಾಲಿ ಕಟ್ಟಿದ್ರು, ತವರಿಗೆ ಹೋಗೋರು ಬರೋರು. ನಮ್ಮ ಮನ್ಯಾಗ ಒಲಿ ಮ್ಯಾಲೆ ಬರೇ ಅನ್ನ. ನಾ ಸೀರಿ ಸುತಗೊಂಡು, ಸೆರಗ ಹೊತ್ತು, ಬಗ್ಗಿ ಕೋಳಿ ಕರಿಯಾಕತ್ತಿದ್ದೆ.

“ಅಕ್ಕಾ!”

ಹಿತ್ತಲ ಬಾಗಲದಿಂದ ಬಂತು ಆ ಧ್ವನಿ. ಆ ಒಂದು ಮಾತಿನ್ಯಾಗ ಎಷ್ಟು ಸಂತೋಷ ಇತ್ತಂದ್ರ, ನಾ ತಿರಗಬಾರದು ಅನಿಸಿತು. ತಿರಗಿದ್ರ ಆಕಿ ಇನ್ನೊಮ್ಮೆ ಸಾಯತಾಳ ಅನಿಸಿತು. ಆದ್ರ ಎಷ್ಟೊತ್ತು ಬಗ್ಗಿ ನಿಲ್ಲಾಕಾಗತೈತಿ? ತಿರಗಿದೆ.

ಹೆಂಡತಿ ತಮ್ಮ ನಿಂತಿದ್ದ. ಹೆಗಲಿಗೆ ಚೀಲ, ಕಂಕಳಾಗ ಕೆಂಪು ಕರಿ ಹುಂಜ. ನನ್ನ ಮೀಸಿ ಕಂಡದ್ದ ತಡ ಅಂವನ ಕೈ ಸಡಲಾತು, ಹುಂಜ ಹಾರಿತು. ಅಂವ ಅಲ್ಲೇ ನೆಲಕ್ಕ ಕುಂತ ಬಿಟ್ಟ. ನನಗ ನಾಚಿಕಿಲೆ ಏನು ಮಾಡಬೇಕು ತಿಳೀಲಿಲ್ಲ, ಸಿಟ್ಟ ಬಾಯಿಗೆ ಬಂತು. “ಬರಬ್ಯಾಡ ಅಂದಿದ್ದೆ. ಯಾಕ ಬಂದಿ?”

“ಹೊಸ್ತಲಾ ತುಳೀಬ್ಯಾಡ ಅಂದಿದ್ರಿ ಮಾಮಾ” ಅಂದ. “ಅದಕ್ಕ ಹಿತ್ತಲದಿಂದ ಬಂದೀನ್ರಿ.”

ನಾ ಹಾರಿದ ಹುಂಜದ ಕಡೆ ನೋಡಿದೆ.

“ಹೋದ ಪಂಚಮಿಗೆ ಅಕ್ಕ ನಮ್ಮಲ್ಲಿ ತಂದು ಬಿಟ್ಟ ಹುಂಜದ ಮಗ ಇದು” ಅಂದ. “ಈ ಸಲ ಬದಲಿ ಕೊಡಾಕಂತ ತಗದಿಟ್ಟಿದ್ದೆ. ಒಯ್ಯಾಕ ಯಾರೂ ಬರಲಿಲ್ಲ. ಅವತ್ತ ಕೊಯ್ದದ್ದು ಅಕ್ಕನ ಹುಂಜ ಅಂತ ಕೈಗೆ ಗೊತ್ತಾಗಲಿಲ್ಲ ಮಾಮಾ. ದೇವರಾಣಿ ಗೊತ್ತಾಗಲಿಲ್ಲ.”

“ನನ್ನ ಬಾಯಿಗೂ ಗೊತ್ತಾಗಲಿಲ್ಲೋ ತಮ್ಮಾ” ಅಂದೆ. “ನಾ ಎರಡು ಸಲ ಹಾಕಿಸ್ಕೊಂಡೆ.”

ಅಂವಗ ನಗು ಬಂತು, ತಡಕೊಳ್ಳಾಕ ನೋಡಿದ. ನನಗೂ ಬಂತು. ಇಬ್ಬರೂ ನಕ್ವಿ, ನಗತಾ ನಗತಾ ಅದು ಯಾವಾಗ ಅಳು ಆತೋ ಗೊತ್ತಿಲ್ಲ. ಹುಂಜ ನಮ್ಮನ್ನ ಲೆಕ್ಕಕ್ಕ ಇಡದ ಚುಕ್ಕಿ ಕೋಳಿ ಹಿಂದ ಗೂಡು ಹೊಕ್ಕಿತು, ಹಾದಿ ಗೊತ್ತಿದ್ದವರಂಗ.

ಅಂವ ಚೀಲದಾಗ ಕೈ ಹಾಕಿ ಒಂದು ಉಂಡಿ ಡಬ್ಬಿ, ಒಂದು ಕುಬಸದ ಅರಿವಿ ತಗದ. ಹಸರ ಬಣ್ಣದ್ದು. ಅದನ್ನ ತಿರಗಿಸಿ ಮುರಗಿಸಿ ನೋಡಿದ.

“ಕಾಕಾನ ಮನಿ ತಂಗೇರಿಗೆಲ್ಲಾ ಪಂಚಮಿ ಕುಬಸ ತಗೊಳ್ಳೋ ಮುಂದ ರೂಢಿಲೆ ಅಕ್ಕಂದೂ ಹರಿಸಿದೆ ಮಾಮಾ. ಮನಿಗೆ ಬಂದ ಮ್ಯಾಲೆ ನೆನಪಾತು. ಯಾರಿಗೆ ಕೊಡಬೇಕು ತಿಳೀದ ಚೀಲದಾಗ ಹಂಗ ಇಟ್ಕೊಂಡು ಬಂದೆ.” ಅಂವ ನನ್ನ ಕೆಳಗಿಂದ ಮ್ಯಾಲಿನ ತನಕ ನೋಡಿದ. ಕಣ್ಣಾಗ ನೀರು, ತುಟಿ ಮ್ಯಾಲೆ ನಗು. “ನೀವು ಸೀರಿ ಉಟ್ಟೀರಿ, ಕುಬಸ ಇಲ್ಲ. ತಗೋರಿ.”

ನನಗ ಬ್ಯಾಡ ಅನ್ನಾಕ ಆಗಲಿಲ್ಲ. ಆಕಿ ಹೆಂಗ ಇಸ್ಕೋತಿದ್ಲೋ ಹಂಗ ಎರಡೂ ಕೈಲೆ ಸೆರಗ ಒಡ್ಡಿ ನಿಂತೆ. ಅಂವ ಕುಬಸ ಹಾಕಿದ, ಮ್ಯಾಲೆ ಒಂದು ಉಂಡಿ ಇಟ್ಟ, ಬಗ್ಗಿ ನನ್ನ ಕಾಲು ಮುಟ್ಟಿದ.

ಹಿತ್ತಲ ಕಟ್ಟಿ ಮ್ಯಾಲೆ ಯಾವಾಗ ಬಂದು ಕುಂತಿದ್ಲೋ ನಮ್ಮವ್ವ, ಪೊರಿ ಬಂದ ಕಣ್ಣು ಒರಿಸ್ಕೊಂಡು ಅಂದ್ಲು:

“ತವರಮನಿಯಿಂದ ತಮ್ಮ ಬಂದಾನ, ನಿಂತು ಅಳಾಕತ್ತೀಯಲ್ಲ. ಒಳಗ ಕರಕೊಂಡು ಹೋಗವಾ, ಚಾ ಇಡು.”